ಆಟಿಸಂ ಇರುವ ಮಗು ನಮ್ಮ ಕ್ಲಾಸಲ್ಲಿದೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ತಾಲ್ಲೂಕಿನ ಶಾಲೆಗಳಿಗೆ ಓಡಾಡುವ ಸಂಪನ್ಮೂಲ ಶಿಕ್ಷಕಿ. ಸ್ಟಾಫ್ ರೂಮಿನಲ್ಲಿ ಟೀಚರುಗಳು, ಗೇಟಿನ ಹತ್ತಿರ ಅಮ್ಮಂದಿರು, ಫೋನಿನಲ್ಲಿ ಅಜ್ಜ ಅಜ್ಜಿಯರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಅವರು ಕೇಳಿದ ಮಾತಲ್ಲೇ ಇಲ್ಲಿಟ್ಟಿದ್ದೇನೆ. ಸರ್ಕಾರಿ ಕಾಗದದಲ್ಲಿ ಇದಕ್ಕೆ ಸ್ವಲೀನತೆ ಅಂತ ಬರೆಯುತ್ತಾರೆ. ಆ ಪದ ಹೇಳಿದರೆ ಯಾರೂ ತಲೆಯಾಡಿಸುವುದಿಲ್ಲ, ಆಟಿಸಂ ಅಂದರೆ ಎಲ್ಲರಿಗೂ ಗೊತ್ತು. ನಾನು ಡಾಕ್ಟರಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

## ಮೊದಮೊದಲು ಕೇಳುವವು

ಆಟಿಸಂ ಅಂದ್ರೆ ಏನು ಮೇಡಂ? ಬುದ್ಧಿ ಕಮ್ಮಿ ಅಂತಾನಾ?

ಅಲ್ಲ. ಮಿದುಳು ಬೆಳೆಯುವ ರೀತಿಯೇ ಸ್ವಲ್ಪ ಬೇರೆ. ಅದರಿಂದ ಮಾತು, ಜನರ ಜೊತೆ ಬೆರೆಯುವುದು, ಶಬ್ದ ಬೆಳಕು ವಾಸನೆಗಳು ಮೈಗೆ ತಾಗುವುದು ಎಲ್ಲವೂ ಬೇರೆ ಥರ ಇರುತ್ತದೆ. ದಿನ ಹೇಗೆ ನಡೆಯುತ್ತಿತ್ತೋ ಹಾಗೇ ನಡೆಯಬೇಕು ಅನ್ನುವುದೂ ಜಾಸ್ತಿ. ಕೆಲವು ಮಕ್ಕಳಿಗೆ ಜೊತೆಯಲ್ಲಿ ಬೌದ್ಧಿಕ ಅಂಗವೈಕಲ್ಯವೂ ಇರುತ್ತದೆ, ತುಂಬ ಮಕ್ಕಳಿಗೆ ಇರುವುದಿಲ್ಲ. ನನಗೆ ಗೊತ್ತಿರುವ ಒಬ್ಬ ಆರನೇ ಕ್ಲಾಸಿನ ಹುಡುಗ ಮೈಸೂರಿಂದ ಬೆಂಗಳೂರಿನ ತನಕ ಪ್ಯಾಸೆಂಜರ್ ರೈಲು ನಿಲ್ಲುವ ಊರುಗಳನ್ನು ಶ್ರೀರಂಗಪಟ್ಟಣ, ಪಾಂಡವಪುರ, ಯಲಿಯೂರು, ಮಂಡ್ಯ ಅಂತ ಒಂದೇ ಉಸಿರಿಗೆ ಹೇಳುತ್ತಾನೆ. ಅದೇ ಹುಡುಗನಿಗೆ ಶಾಲೆ ಪಕ್ಕದ ಅಂಗಡಿಗೆ ಹೋಗಿ ಒಂದು ಪೆನ್ಸಿಲ್ ಕೊಡಿ ಅಂತ ಕೇಳುವುದು ಬೆಟ್ಟ ಹತ್ತಿದಷ್ಟು ಕಷ್ಟ. ಎರಡೂ ಅವನೇ. ಮುಂದೆ ಈ ರೈಲು ಹುಡುಗ ಇನ್ನೂ ಒಂದೆರಡು ಸಲ ಬರುತ್ತಾನೆ.

ಒಂದನೇ ಕ್ಲಾಸಲ್ಲಿ ಒಬ್ಬ ಇದಾನೆ, ಹೆಸರು ಹಿಡಿದು ಕರೆದ್ರೂ ತಿರುಗಲ್ಲ. ಆಟಿಸಂ ಅಂತ ಮನೆಯವರಿಗೆ ಹೇಳ್ಬಿಡ್ಲಾ?

ಬೇಡ. ಹೆಸರಿಡುವುದು ನಮ್ಮ ಕೆಲಸ ಅಲ್ಲ, ನೋಡಿದ್ದನ್ನು ಹೇಳುವುದು ನಮ್ಮ ಕೆಲಸ. "ಎರಡು ವಾರದಿಂದ ನೋಡ್ತಿದೀನಿ, ಕರೆದ್ರೆ ತಿರುಗಲ್ಲ, ಒಬ್ಬನೇ ಕೂತು ಬಾಟ್ಲಿ ಮುಚ್ಚಳ ತಿರುಗಿಸ್ತಾ ಇರ್ತಾನೆ, ಮನೇಲೂ ಹೀಗೇನಾ?" ಅಂತ ಕೇಳಿ ನೋಡಿ. ಅಮ್ಮನೇ ಮುಂದಿನದನ್ನೆಲ್ಲ ಹೇಳುತ್ತಾರೆ. ಎಷ್ಟೋ ಸಲ ಅವರು ಯಾರಾದರೂ ಕೇಳಲಿ ಅಂತ ಕಾಯುತ್ತಿರುತ್ತಾರೆ.

ಮೊದಲು ಕಿವಿ ಪರೀಕ್ಷೆ ಆಗಲಿ, ಕರೆದರೆ ತಿರುಗದಿರುವುದಕ್ಕೆ ಕಿವಿ ಕೇಳಿಸದಿರುವುದೂ ಕಾರಣ ಇರಬಹುದಲ್ವಾ? ಮಕ್ಕಳ ಆರೋಗ್ಯ ತಪಾಸಣೆಗೆ ಸರ್ಕಾರದಿಂದ ಶಾಲೆಗೆ ಬರುವ ಆರ್‌ಬಿಎಸ್‌ಕೆ ವೈದ್ಯರ ತಂಡಕ್ಕೆ ತೋರಿಸಿದರೆ ಅವರು ಮುಂದಕ್ಕೆ ಬರೆದುಕೊಡುತ್ತಾರೆ. ಮೈಸೂರು ಕಡೆಯವರು ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಹೋಗುತ್ತಾರೆ, ಕಿವಿ ಮಾತು ಎರಡನ್ನೂ ಅಲ್ಲೇ ನೋಡುತ್ತಾರೆ. ಬೆಂಗಳೂರಿನಲ್ಲಾದರೆ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗ. ಒಂದು ವಿಷಯ: ಸುಮ್ಮನೆ ಮೂಲೆಯಲ್ಲಿ ಕೂತು ಪಕ್ಕದವಳನ್ನು ನೋಡಿ ನೋಡಿ ಅವಳ ಹಾಗೇ ಮಾಡುವ ಹೆಣ್ಣು ಮಕ್ಕಳು ಯಾರ ಕಣ್ಣಿಗೂ ಬೀಳುವುದಿಲ್ಲ. 'ಪಾಪ, ನಾಚಿಕೆ ಸ್ವಭಾವ' ಅಂತ ಬಿಟ್ಟುಬಿಡುತ್ತೇವೆ.

ಮೊಬೈಲ್ ಜಾಸ್ತಿ ಕೊಟ್ಟಿದ್ದಕ್ಕೆ ಬಂತಾ? ಚುಚ್ಚುಮದ್ದಿನಿಂದ ಬರುತ್ತೆ ಅಂತಾರಲ್ಲ?

ಎರಡರಿಂದಲೂ ಅಲ್ಲ. ಹೆಚ್ಚಿನ ಪಾಲು ಹುಟ್ಟಿನಿಂದಲೇ ಬರುವ, ವಂಶವಾಹಿಗೆ ಸೇರಿದ ವಿಷಯ. ಮೊಬೈಲು ಕಮ್ಮಿ ಮಾಡಿದರೆ ನಿದ್ದೆಗೆ, ಮಾತಿಗೆ, ಆಟಕ್ಕೆ ಒಳ್ಳೆಯದು, ಅದು ಎಲ್ಲ ಮಕ್ಕಳಿಗೂ ಅನ್ವಯಿಸುವ ಮಾತು. ಲಸಿಕೆಯ ಕಥೆ ಹುಟ್ಟಿದ್ದು 1998ರಲ್ಲಿ ಬ್ರಿಟನ್ನಿನ ವೈದ್ಯ ಆಂಡ್ರ್ಯೂ ವೇಕ್‌ಫೀಲ್ಡ್ ಬರೆದ ಒಂದು ಲೇಖನದಿಂದ. ಆಮೇಲೆ ಬೇರೆ ಬೇರೆ ದೇಶಗಳಲ್ಲಿ ಲಕ್ಷಗಟ್ಟಲೆ ಮಕ್ಕಳನ್ನು ಗಮನಿಸಿದಾಗ ಅಂಥ ಸಂಬಂಧ ಕಾಣಲೇ ಇಲ್ಲ. 2010ರಲ್ಲಿ ಅದನ್ನು ಅಚ್ಚು ಹಾಕಿದ ಪತ್ರಿಕೆಯೇ ವಾಪಸ್ ತೆಗೆದುಕೊಂಡಿತು, ಅವರ ವೈದ್ಯಕೀಯ ಪರವಾನಗಿಯೂ ಹೋಯಿತು. 'ಅಮ್ಮ ಪ್ರೀತಿ ತೋರಿಸಲಿಲ್ಲ, ಅದಕ್ಕೇ ಹೀಗೆ' ಅನ್ನುವ ಇನ್ನೊಂದು ಹಳೇ ಮಾತಿದೆ. ಅದೂ ಸುಳ್ಳು ಅಂತ ತೀರ್ಮಾನವಾಗಿ ಎಷ್ಟೋ ವರ್ಷ ಆಯಿತು, ನಮ್ಮ ಮನೆಗಳಲ್ಲಿ ಮಾತ್ರ 'ನೀನು ಕೆಲಸಕ್ಕೆ ಹೋದೆ, ಅದಕ್ಕೇ ಮಗು ಹೀಗಾಯ್ತು' ಅನ್ನುವ ರೂಪದಲ್ಲಿ ಇನ್ನೂ ಬದುಕಿದೆ.

ವಾಸಿ ಆಗುತ್ತಾ? ಸ್ಟೆಮ್ ಸೆಲ್ ಟ್ರೀಟ್‌ಮೆಂಟ್ ಅಂತ ಹೇಳ್ತಾರಲ್ಲ?

ಇದು ಕಾಯಿಲೆ ಅಲ್ಲ, ಹಾಗಾಗಿ ವಾಸಿ ಆಗುವ ಮಾತಿಲ್ಲ. ಮಾತು, ಸ್ವಂತ ಕೆಲಸ, ಓದು ಇವೆಲ್ಲ ಕಲಿಸಿದರೆ ಕಲಿಯುತ್ತಾರೆ, ಎಷ್ಟೋ ಜನ ನಾವು ಊಹಿಸದಷ್ಟು ಕಲಿಯುತ್ತಾರೆ. ಸ್ಟೆಮ್ ಸೆಲ್ ಚಿಕಿತ್ಸೆಯನ್ನು ಆಟಿಸಂಗೆ ಶಿಫಾರಸು ಮಾಡುವಂತಿಲ್ಲ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಜಮೀನು ಅಡ ಇಟ್ಟು ಅದಕ್ಕೆ ದುಡ್ಡು ಕಟ್ಟಿದ ಒಂದು ಮನೆ ನನಗೆ ಗೊತ್ತು. ಆ ದುಡ್ಡಿನಲ್ಲಿ ನಾಲ್ಕು ವರ್ಷ ಸ್ಪೀಚ್ ಥೆರಪಿ ಆಗುತ್ತಿತ್ತು. ನಿದ್ದೆ, ಫಿಟ್ಸ್, ವಿಪರೀತ ಚಡಪಡಿಕೆ ಇಂಥದ್ದಕ್ಕೆ ಡಾಕ್ಟರು ಔಷಧಿ ಕೊಡಬಹುದು, ಅದು ಬೇರೆ. ಅದನ್ನು ನೀವಾಗಿ ನಿಲ್ಲಿಸಬೇಡಿ.

ನಮಗೆ ಟ್ರೈನಿಂಗೇ ಇಲ್ಲ. ಇಂಥ ಮಕ್ಕಳನ್ನ ವಿಶೇಷ ಶಾಲೆಗೆ ಕಳಿಸೋದೇ ಒಳ್ಳೇದಲ್ವಾ?

ಕೆಲವು ಮಕ್ಕಳಿಗೆ ಹೌದು, ಅದನ್ನು ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಆದರೆ ಆ ಆಯ್ಕೆ ಮಗುವಿನದು, ಮನೆಯವರದು. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2016ರಲ್ಲೇ ಬಂದಿದೆ, ಅದು ಪಟ್ಟಿ ಮಾಡಿದ 21 ಬಗೆಯ ಅಂಗವೈಕಲ್ಯಗಳಲ್ಲಿ ಆಟಿಸಂ ಕೂಡ ಇದೆ. ಶೇ 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವ 6ರಿಂದ 18 ವರ್ಷದ ಮಗುವಿಗೆ ಹತ್ತಿರದ ಶಾಲೆಯಲ್ಲೋ ತಾನು ಆರಿಸಿಕೊಂಡ ವಿಶೇಷ ಶಾಲೆಯಲ್ಲೋ ಉಚಿತವಾಗಿ ಓದುವ ಹಕ್ಕಿದೆ. ಮಾನ್ಯತೆ ಪಡೆದ ಶಾಲೆ 'ಇಂಥ ಮಕ್ಕಳನ್ನ ತಗೊಳ್ಳಲ್ಲ' ಅನ್ನುವ ಹಾಗಿಲ್ಲ. ಹಾಗಂದರೆ ಅದನ್ನೇ ಬರೆದುಕೊಡಿ ಅಂತ ಕೇಳಿ. ಬರೆದು ಕೊಡುವವರು ಕಡಿಮೆ, ಹೆಚ್ಚಿನ ಕಡೆ ಅಲ್ಲಿಗೇ ದನಿ ಬದಲಾಗುತ್ತದೆ. ಬದಲಾಗದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಯವರ (ಬಿಇಒ) ಕಚೇರಿಗೆ ಅರ್ಜಿ ಕೊಡಿ.

ಟ್ರೈನಿಂಗ್ ಇಲ್ಲ ಅನ್ನುವುದು ನಿಜ. ನಿಮ್ಮ ಬ್ಲಾಕಿನ ಸಂಪನ್ಮೂಲ ಕೇಂದ್ರದಲ್ಲಿ (ಬಿಆರ್‌ಸಿ) ಇಂಥ ಮಕ್ಕಳಿಗಾಗಿಯೇ ನನ್ನಂಥ ಸಂಪನ್ಮೂಲ ಶಿಕ್ಷಕರು (ಬಿಐಇಆರ್‌ಟಿ) ಇರುತ್ತಾರೆ, ಕರೆಯಿರಿ. ನಾವು ಬರುವುದು ತಿಂಗಳಿಗೆ ಒಂದೆರಡು ಸಲ ಅಷ್ಟೇ, ಅದೂ ನಿಜ.

## ಕ್ಲಾಸ್ ರೂಮಿನೊಳಗೆ

ನಾಳೆಯಿಂದಲೇ ಏನಾದ್ರೂ ಮಾಡ್ಬೇಕು. ಒಂದೇ ಒಂದು ಹೇಳಿ.

ಮುಂದೆ ಏನು ನಡೆಯುತ್ತೆ ಅಂತ ಮೊದಲೇ ತೋರಿಸಿ. ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ, ಗೋಡೆ ಮೇಲಿದ್ದದ್ದು ಅಲ್ಲೇ ಇರುತ್ತದೆ.

ಹಳೇ ಮದುವೆ ಕಾರ್ಡು ಕತ್ತರಿಸಿ ಐದಾರು ಚೀಟಿ ಮಾಡಿ. ಒಂದೊಂದರಲ್ಲಿ ಒಂದು ಚಿತ್ರ: ಪ್ರಾರ್ಥನೆ, ಕನ್ನಡ ಪುಸ್ತಕ, ಹಾಲಿನ ಲೋಟ, ಗಣಿತ, ಊಟದ ತಟ್ಟೆ, ಮನೆ. ಚಿತ್ರ ಬರೆಯಲು ಬರದಿದ್ದರೆ ಮಕ್ಕಳ ಕೈಲಿ ಬರೆಸಿ, ನಮಗಿಂತ ಚೆನ್ನಾಗಿ ಬರೆಯುತ್ತಾರೆ. ಗೋಡೆಯ ಎರಡು ಮೊಳೆಗೆ ದಾರ ಕಟ್ಟಿ, ಬಟ್ಟೆ ಒಣ ಹಾಕುವ ಕ್ಲಿಪ್ಪಿನಲ್ಲಿ ಸಾಲಾಗಿ ಸಿಕ್ಕಿಸಿ. ಒಂದು ಮುಗಿದ ತಕ್ಷಣ ಮಗುವೇ ಎದ್ದು ಬಂದು ಆ ಚೀಟಿ ತೆಗೆದು ಕೆಳಗಿರುವ ಡಬ್ಬಿಗೆ ಹಾಕಬೇಕು. ಡಬ್ಬಿ ಮೇಲೆ 'ಮುಗೀತು' ಅಂತ ಬರೆದಿರಿ. ಈ ಡಬ್ಬಿಗೆ ಹಾಕುವುದನ್ನು ಟೀಚರೇ ಮಾಡಿದರೆ ಅರ್ಧ ಕೆಲಸ ಕೆಟ್ಟಿತು. ಗಣಿತ ಮುಗೀತು ಅನ್ನುವುದು ಅವನ ಕೈಗೆ ಗೊತ್ತಾಗಬೇಕು.

ಇನ್ನೊಂದು ಕೆಂಪು ಚೀಟಿ ಇಟ್ಟುಕೊಳ್ಳಿ, 'ಇವತ್ತು ಬದಲಾವಣೆ' ಅಂತ. ಟೀಚರ್ ರಜೆ, ಮಳೆ ಬಂದು ಆಟ ಇಲ್ಲ, ಸಾಹೇಬರು ತಪಾಸಣೆಗೆ ಬರುತ್ತಾರೆ, ಇಂಥ ದಿನ ಬೆಳಗ್ಗೆಯೇ ಆ ಕೆಂಪು ಚೀಟಿ ದಾರಕ್ಕೆ ಏರಲಿ. ಮೊದಲ ವಾರ ಅವನು ಆ ಕಡೆ ನೋಡದೆಯೂ ಇರಬಹುದು, ನಿಲ್ಲಿಸಬೇಡಿ. ಒಂದು ಶಾಲೆಯಲ್ಲಿ ಒಬ್ಬನಿಗೋಸ್ಕರ ಕಟ್ಟಿದ ದಾರವನ್ನು ಈಗ 28 ಮಕ್ಕಳೂ ನೋಡುತ್ತಾರೆ, 'ಊಟಕ್ಕೆ ಎಷ್ಟು ಹೊತ್ತು ಮಿಸ್' ಅಂತ ಕೇಳುವುದು ನಿಂತಿದೆ.

ಎಲ್ಲಿ ಕೂರಿಸಬೇಕು?

ಬಾಗಿಲಿಗೆ, ಕಿಟಕಿಗೆ, ಕಿರುಗುಟ್ಟುವ ಫ್ಯಾನಿಗೆ ದೂರ. ಬೆನ್ನ ಹಿಂದೆ ಗೋಡೆ ಇದ್ದರೆ ಒಳ್ಳೆಯದು, ಹಿಂದಿನಿಂದ ಯಾರೂ ತಟ್ಟುವುದಿಲ್ಲ. ದಿನಾ ಅದೇ ಜಾಗ. ವಾರಕ್ಕೊಂದು ಸಲ ಬೆಂಚು ಬದಲಿಸುವ ನಿಯಮ ಇದ್ದರೆ ಇವನಿಗೆ ಬೇಡ.

ಕೈ ಬೀಸ್ತಾನೆ, ಮುಂದೆ ಹಿಂದೆ ತೂಗಾಡ್ತಾನೆ, ಗುಂಯ್ ಅಂತ ಸದ್ದು ಮಾಡ್ತಾನೆ. ನಿಲ್ಲಿಸ್ಬೇಕಲ್ವಾ?

ಯಾಕೆ ನಿಲ್ಲಿಸಬೇಕು? ಫೋನಲ್ಲಿ ಮಾತಾಡುತ್ತಾ ನಾವು ಅತ್ತಿಂದಿತ್ತ ಓಡಾಡುತ್ತೇವೆ, ಮೀಟಿಂಗಿನಲ್ಲಿ ಕಾಲು ಅಲ್ಲಾಡಿಸುತ್ತೇವೆ. ಅವನ ಮೈಗೂ ಅದು ಸಮಾಧಾನ. ತಡೆದರೆ ಅವನ ಗಮನವೆಲ್ಲ ತಡೆದುಕೊಳ್ಳುವುದಕ್ಕೇ ಹೋಗುತ್ತದೆ, ಪಾಠಕ್ಕೆ ಏನೂ ಉಳಿಯುವುದಿಲ್ಲ. ತಲೆ ಗೋಡೆಗೆ ಚಚ್ಚಿಕೊಳ್ಳುವುದು, ಕೈ ಕಚ್ಚಿಕೊಳ್ಳುವುದು ಇದ್ದರೆ ಮಾತ್ರ ಬೇರೆ ವಿಷಯ, ಆಗ ಯಾಕೆ ಅಂತ ಹುಡುಕಲೇಬೇಕು. ಹಲ್ಲುನೋವು, ಕಿವಿನೋವು ಇದೆಯಾ ಅಂತ ಮೊದಲು ನೋಡಿಸಿ. ನೋವು ಎಲ್ಲಿದೆ ಅಂತ ಹೇಳಲು ಬರದ ಮಗು ಹೀಗೂ ಹೇಳುತ್ತದೆ. ಸದ್ದು ಪಕ್ಕದವರಿಗೆ ತೊಂದರೆ ಆದರೆ ಸದ್ದಿಲ್ಲದ ಬದಲಿ ಕೊಡಿ, ಒಂದು ಸ್ಪಂಜಿನ ಚೆಂಡೋ ರಬ್ಬರ್ ಬ್ಯಾಂಡೋ.

ಇದ್ದಕ್ಕಿದ್ದ ಹಾಗೆ ಕಿರುಚಿ ನೆಲಕ್ಕೆ ಬಿದ್ದುಬಿಡ್ತಾನೆ, ಪಕ್ಕದವನನ್ನ ಹೊಡೀತಾನೆ. ಇದು ಹಠ ಅಲ್ವಾ?

ಹಠ ಮಾಡುವ ಮಗು ನಡುನಡುವೆ ನಿಮ್ಮನ್ನು ನೋಡುತ್ತದೆ, ಕೇಳಿದ್ದು ಸಿಕ್ಕ ತಕ್ಷಣ ನಿಲ್ಲಿಸುತ್ತದೆ. ಈ ಮಗು ಯಾರನ್ನೂ ನೋಡುವುದಿಲ್ಲ, ಏನು ಕೊಟ್ಟರೂ ತಕ್ಷಣ ನಿಲ್ಲುವುದಿಲ್ಲ. ಇದು ತುಂಬಿದ ಕೊಡ ತುಳುಕಿದ್ದು. ಆ ಹೊತ್ತಿನಲ್ಲಿ ಬುದ್ಧಿ ಹೇಳಬೇಡಿ, ಮುಟ್ಟಬೇಡಿ, 'ಏನಾಯ್ತು ಹೇಳು' ಅಂತ ಹತ್ತು ಜನ ಸುತ್ತ ನಿಲ್ಲಬೇಡಿ. ಪೆಟ್ಟಾಗುವ ವಸ್ತು ಸರಿಸಿ, ಬೇರೆ ಮಕ್ಕಳನ್ನು ಹೊರಗೆ ಕಳಿಸಿ, ಸುಮ್ಮನೆ ಹತ್ತಿರ ಕೂತಿರಿ. ಹೊಡೆಯುವುದಂತೂ ಯಾವ ಮಗುವಿಗೂ ಕೂಡದು, ಶಿಕ್ಷಣ ಹಕ್ಕು (ಆರ್‌ಟಿಇ) ಕಾಯ್ದೆಯಲ್ಲೇ ಅದಕ್ಕೆ ನಿಷೇಧ ಇದೆ.

'ಇದ್ದಕ್ಕಿದ್ದ ಹಾಗೆ' ಅನ್ನುವುದು ಮಾತ್ರ ಹೆಚ್ಚಿನ ಸಲ ನಿಜ ಅಲ್ಲ. ಮೇಲೆ ಹೇಳಿದ ರೈಲು ಹುಡುಗನ ಶಾಲೆಯಲ್ಲಿ ಬೆಲ್ ಅಂದರೆ ತೂಗುಹಾಕಿದ ರೈಲು ಕಂಬಿಯ ತುಂಡು, ಕಬ್ಬಿಣದ ಸಲಾಕೆಯಲ್ಲಿ ಹೊಡೆಯುವುದು. ಅವನು ದಿನಾ ಪಕ್ಕದವನಿಗೆ ಹೊಡೆಯುತ್ತಾನೆ ಅಂತ ದೂರು. ಅವರ ಟೀಚರಿಗೆ ಒಂದು ವಾರ ನೋಟ್‌ಬುಕ್ಕಿನಲ್ಲಿ ಮೂರು ಸಾಲು ಬರೆಯಲು ಹೇಳಿದೆ: ಎಷ್ಟು ಹೊತ್ತಿಗೆ, ಅದಕ್ಕೆ ಮುಂಚೆ ಏನಾಯಿತು, ಆಮೇಲೆ ಏನಾಯಿತು. ಶನಿವಾರ ಕೂತು ನೋಡಿದರೆ ಐದರಲ್ಲಿ ನಾಲ್ಕು ಸಲ ಬೆಲ್ ಹೊಡೆಯುವ ಐದು ನಿಮಿಷ ಮುಂಚೆ. ಆಮೇಲಲ್ಲ, ಮುಂಚೆ! ಈಗ ಹೊಡೆಯುತ್ತಾರೆ, ಈಗ ಹೊಡೆಯುತ್ತಾರೆ ಅಂತ ಮೈಯೆಲ್ಲ ಬಿಗಿ ಹಿಡಿದು ಕಾಯುತ್ತಿದ್ದ, ಆಗ ಪಕ್ಕದವನ ಮೊಣಕೈ ತಾಗಿದರೂ ಸಾಕು. ಟೀಚರ್ ಒಂದು ಕೆಲಸ ಮಾಡಿದರು, ಬೆಲ್ ಹೊಡೆಯುವ ಜವಾಬ್ದಾರಿ ಅವನಿಗೇ ಕೊಟ್ಟರು. ತಾನೇ ಹೊಡೆದ ಸದ್ದು ಅವನಿಗೆ ಅಷ್ಟು ತೊಂದರೆ ಕೊಡಲಿಲ್ಲ. ಅದು ರೈಲು ಕಂಬಿ ಅನ್ನುವುದೂ ಸ್ವಲ್ಪ ಸಹಾಯ ಮಾಡಿರಬೇಕು ಅಂತ ನನ್ನ ಅನುಮಾನ. ಇದೇ ಉಪಾಯವನ್ನು ಇನ್ನೊಂದು ಶಾಲೆಯಲ್ಲಿ ಇನ್ನೊಬ್ಬಳಿಗೆ ಹೇಳಿಕೊಟ್ಟು ಪೂರ್ತಿ ಸೋತಿದ್ದೇನೆ, ಅವಳು ಸಲಾಕೆ ಬಿಸಾಕಿ ಓಡಿಹೋದಳು. ಅವಳಿಗೆ ಬೇಕಾಗಿದ್ದು ಬೆಲ್ಲಿಗೆ ಮುಂಚೆ ಕಿವಿಗೆ ಹತ್ತಿ, ಅಷ್ಟೇ. ಹಾಗಾಗಿ ನೋಟ್‌ಬುಕ್ಕಿನ ಮೂರು ಸಾಲು ಎಲ್ಲರಿಗೂ, ಉಪಾಯ ಒಬ್ಬೊಬ್ಬರಿಗೆ ಒಂದೊಂದು.

ಬಿಸಿಯೂಟ ಮುಟ್ಟೋದೇ ಇಲ್ಲ. ಬರೀ ಬಿಳಿ ಅನ್ನ ತಿಂತಾಳೆ. ಹಸಿವಾದ್ರೆ ತಾನೇ ತಿಂತಾಳೆ ಅಂತ ಬಿಡ್ಲಾ?

ಬಿಡಬೇಡಿ, ನಿಜವಾಗಿ ಉಪವಾಸ ಇದ್ದುಬಿಡುತ್ತಾಳೆ. ಸಾಂಬಾರಿನ ವಾಸನೆ, ಬಾಯಿಗೆ ಸಿಗುವ ಬೇಳೆ ತರಕಾರಿ ಚೂರು, ನೂರು ಸ್ಟೀಲ್ ತಟ್ಟೆಗಳ ಸದ್ದು, ಇವು ಮೂರೂ ಸೇರಿ ಅವಳಿಗೆ ಊಟದ ಸಾಲು ಅಂದರೆ ಸಂತೆ ನಡುವೆ ನಿಂತ ಹಾಗೆ. ಎಲ್ಲರಿಗಿಂತ ಐದು ನಿಮಿಷ ಮುಂಚೆ ಬಡಿಸಿ, ಸಾಲಿನ ಕೊನೆಗೆ ಕೂರಿಸಿ, ಅನ್ನ ಬೇರೆ ಸಾರು ಬೇರೆ ಹಾಕಿ. ಹೊಸದನ್ನು ತಟ್ಟೆಯ ಅಂಚಿನಲ್ಲಿ ಒಂದು ಚಮಚ ಇಡಿ, ತಿನ್ನು ಅನ್ನಬೇಡಿ. ಅಡುಗೆಯಮ್ಮನಿಗೂ ವಿಷಯ ಹೇಳಿ. ನನ್ನ ಅನುಭವದಲ್ಲಿ ಅವರಿಗೆ ಟೀಚರುಗಳಿಗಿಂತ ಬೇಗ ಅರ್ಥ ಆಗುತ್ತದೆ.

ಬೇರೆ ಮಕ್ಕಳಿಗೆ ಏನು ಹೇಳ್ಬೇಕು? ಅವರ ಅಪ್ಪ ಅಮ್ಮ ಬಂದು ಜಗಳ ಮಾಡ್ತಾರೆ.

ಮಕ್ಕಳಿಗೆ ನಿಜ ಹೇಳಿ, ಎರಡೇ ವಾಕ್ಯದಲ್ಲಿ. "ಅವನಿಗೆ ಜೋರು ಸದ್ದು ನೋವು ಕೊಡುತ್ತೆ. ಹಿಂದಿನಿಂದ ಮುಟ್ಟಬೇಡಿ, ಎದುರು ಬಂದು ಹೆಸರು ಕರೀರಿ." ಆಟಿಸಂ ಅನ್ನುವ ಪದ ಹೇಳಬೇಕೋ ಬೇಡವೋ ಅಂತ ಅವನ ಮನೆಯವರನ್ನು ಕೇಳಿಯೇ ತೀರ್ಮಾನಿಸಿ. 'ಪಾಪ' ಅನ್ನುವ ಪದ ಮಾತ್ರ ಕ್ಲಾಸಿನಲ್ಲಿ ಬೇಡ. ಜಗಳಕ್ಕೆ ಬಂದ ಪೋಷಕರಿಗೆ ಅವರ ಮಗುವಿಗೆ ಪೆಟ್ಟಾಗದ ಹಾಗೆ ನೀವು ಏನು ಮಾಡಿದ್ದೀರಿ ಅನ್ನುವುದನ್ನು ಹೇಳಿ. ಅವರು ಕೇಳಲು ಬಂದಿರುವುದು ಅದನ್ನೇ, ಇನ್ನೊಬ್ಬರ ಮಗುವಿನ ವರದಿ ಅವರಿಗೆ ಬೇಕಿಲ್ಲ, ಕೊಡಲೂಬಾರದು.

ನಲಿ-ಕಲಿ ಇವರಿಗೆ ಸರಿಹೋಗುತ್ತಾ?

ನಲಿ-ಕಲಿ ಅಂದರೆ ಸರ್ಕಾರಿ ಶಾಲೆಯ ಮೊದಲ ಮೂರು ಕ್ಲಾಸುಗಳಲ್ಲಿ ಆಟವಾಡಿಸುತ್ತಾ ಕಲಿಸುವ ಪದ್ಧತಿ. ಅದರ ಪಾಠದ ಕ್ರಮ ಚೆನ್ನಾಗಿ ಹೊಂದುತ್ತದೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದಾಗಿನಿಂದ ಅದರ ಜೀವಾಳವೇ ಕಾರ್ಡು, ಚಿತ್ರ, ಒಂದೊಂದೇ ಮೆಟ್ಟಿಲು, ತನ್ನ ವೇಗ. ಎಲ್ಲಿದ್ದೇನೆ, ಮುಂದೇನು ಅನ್ನುವುದು ಪಾಠದ ಮೆಟ್ಟಿಲುಗಳನ್ನು ತೋರಿಸುವ ಕಲಿಕಾ ಏಣಿಯಲ್ಲಿ ಕಣ್ಣಿಗೇ ಕಾಣುತ್ತದೆ, ಈ ಮಕ್ಕಳಿಗೆ ಅದು ಹಬ್ಬ. ಗುಂಪು ಬದಲಾಯಿಸುವುದು ಮತ್ತು ಗಲಾಟೆ ಕಷ್ಟ. ಅವನ ಚಾಪೆಯನ್ನು ಒಂದೇ ಜಾಗದಲ್ಲಿ ಬಿಟ್ಟು, ಗುಂಪಿನ ಕಾರ್ಡನ್ನು ಅವನ ಹತ್ತಿರ ತಂದರೆ ಅರ್ಧ ತೊಂದರೆ ಕಮ್ಮಿ. ನಾಲ್ಕನೇ ಕ್ಲಾಸಿಗೆ ಬಂದಾಗ ಏಣಿ ಇಲ್ಲ, ಬೆಂಚು ಪುಸ್ತಕ ಅಷ್ಟೇ. ಆ ಜೂನ್ ತಿಂಗಳಿಗೆ ಮಾರ್ಚಿನಿಂದಲೇ ತಯಾರಿ ಮಾಡಿ, ಆ ರೂಮಿಗೆ ಕರೆದುಕೊಂಡು ಹೋಗಿ ಐದೈದು ನಿಮಿಷ ಕೂರಿಸಿ.

ಶ್ಯಾಡೋ ಟೀಚರ್ ಇಟ್ಕೊಂಡ್ರೆ ಮಾತ್ರ ಸೇರಿಸ್ಕೋತೀವಿ ಅಂತ ಖಾಸಗಿ ಶಾಲೆಯವರು ಹೇಳ್ತಾರೆ.

ಶ್ಯಾಡೋ ಟೀಚರ್ ಅಂದರೆ ಕ್ಲಾಸಿನಲ್ಲಿ ಆ ಒಂದು ಮಗುವಿನ ಜೊತೆಗೇ ಇದ್ದು ನೆರವಾಗುವವರು. ಮಗುವಿಗೆ ಬೇಕಾದ ನೆರವು ಕೊಡುವುದು ಶಾಲೆಯ ಕರ್ತವ್ಯ ಅಂತ 2016ರ ಕಾಯ್ದೆ ಹೇಳುತ್ತದೆ. ಅದನ್ನೇ ಪ್ರವೇಶಕ್ಕೆ ಷರತ್ತು ಮಾಡಿ ಅಪ್ಪ ಅಮ್ಮನ ಜೇಬಿಗೆ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಇಟ್ಟುಕೊಂಡರೂ ಅವರು ಮಗುವಿನ ಪಕ್ಕವೇ ಅಂಟಿ ಕೂತರೆ ಕ್ಲಾಸ್ ಟೀಚರ್ ಆ ಮಗುವನ್ನು ಮರೆತೇಬಿಡುತ್ತಾರೆ, ಪಕ್ಕದ ಮಕ್ಕಳೂ ಮಾತಾಡಿಸುವುದು ಬಿಡುತ್ತಾರೆ. ಯಾವ ತಿಂಗಳಿಗೆ ಎಷ್ಟು ದೂರ ಸರಿಯಬೇಕು ಅಂತ ಮೊದಲ ದಿನವೇ ಮಾತಾಡಿಕೊಳ್ಳಿ.

## ಮಾತು, ಬರಹ, ಪರೀಕ್ಷೆ

ಕೇಳಿದ ಪ್ರಶ್ನೆನೇ ವಾಪಸ್ ಹೇಳ್ತಾಳೆ. ನನ್ನನ್ನ 'ನೀನು' ಅಂತಾಳೆ. ಅಣಕಿಸ್ತಿದಾಳಾ?

ಇಲ್ಲ. ಒಬ್ಬಳು ನನ್ನ ಹತ್ತಿರ ಬಂದು ಕಣ್ಣು ಬೇರೆ ಕಡೆ ಇಟ್ಟು "ನಿಂಗೆ ನೀರು ಬೇಕಾ ಪುಟ್ಟಾ?" ಅಂದಳು. ಅವಳಿಗೆ ನೀರು ಬೇಕಾಗಿತ್ತು. ನೀರು ಸಿಗುವ ಮುಂಚೆ ಅಮ್ಮನ ಬಾಯಿಂದ ಯಾವಾಗಲೂ ಬರುವ ಮಾತು ಅದು, ಹಾಗಾಗಿ ಅವಳ ಲೆಕ್ಕದಲ್ಲಿ ನೀರಿನ ಹೆಸರೇ ಅದು. ತಿದ್ದಬೇಡಿ, ನಗಬೇಡಿ. ಅವಳ ಬಾಯಿಗೆ ಹೊಂದುವ ಹಾಗೆ "ನಂಗೆ ನೀರು ಬೇಕು" ಅಂತ ಒಂದು ಸಲ ಹೇಳಿ ನೀರು ಕೊಡಿ. ನೂರು ಸಲ ಆಗಬೇಕಾಗಬಹುದು.

ನೀನು, ನೀವು, ಅವನು, ಅವರು ಇದೆಲ್ಲ ಯಾರು ಯಾರಿಗೆ ಮಾತಾಡುತ್ತಿದ್ದಾರೆ ಅನ್ನುವುದರ ಮೇಲೆ ಬದಲಾಗುವ ಪದಗಳು, ಇವರಿಗೆ ತುಂಬ ಜಾರು ನೆಲ. ಏಕವಚನದಲ್ಲಿ ಮಾತಾಡಿದಳು ಅಂತ ಒಬ್ಬ ಮೇಷ್ಟ್ರು ಕ್ಲಾಸಿನಿಂದ ಆಚೆ ನಿಲ್ಲಿಸಿದ್ದನ್ನು ನೋಡಿದ್ದೇನೆ. ಅವಳು ಯಾಕೆ ಅಂತ ತಿಳಿಯದೆ ಗೋಡೆಯ ಸುಣ್ಣ ಕೆರೆಯುತ್ತಾ ನಿಂತಿದ್ದಳು. ಟಿವಿ ಜಾಹೀರಾತಿನ ಸಾಲುಗಳನ್ನು ಹೇಳುತ್ತಾ ಓಡಾಡುವ ಮಕ್ಕಳೂ ಇದ್ದಾರೆ. ಯಾವಾಗ ಯಾವ ಸಾಲು ಬರುತ್ತದೆ ಅಂತ ಗಮನಿಸಿ, ಭಯವಾದಾಗ ಒಂದು, ಖುಷಿಯಾದಾಗ ಒಂದು ಇರುತ್ತದೆ.

ಹೇಳಿದ್ದನ್ನ ಹಾಗೇ ತಗೋತಾನೆ. ತಮಾಷೆನೂ ಮಾಡೋ ಹಾಗಿಲ್ಲ.

"ನನ್ನ ತಲೆ ತಿನ್ನಬೇಡ" ಅಂದರೆ "ನಾನು ತಿಂದಿಲ್ಲ" ಅಂತ ಅಳುತ್ತಾನೆ. "ಬಾಯಿಗೆ ಬೀಗ ಹಾಕು" ಅಂದರೆ ಬೀಗ ಎಲ್ಲಿ ಅಂತ ಹುಡುಕುತ್ತಾನೆ. ಕನ್ನಡದಲ್ಲಿ ನಾವು ಬೈಯುವುದೇ ಗಾದೆಯಲ್ಲಿ, ಏನು ಮಾಡುವುದು! ಅವನಿಗೆ ಹೇಳುವಾಗ ನೇರವಾಗಿ ಹೇಳಿ. 'ಗಲಾಟೆ ಮಾಡಬೇಡ' ಅನ್ನುವುದಕ್ಕಿಂತ 'ಮೆಲ್ಲಗೆ ಮಾತಾಡು' ಒಳ್ಳೆಯದು, ಏನು ಮಾಡಬಾರದು ಅನ್ನುವುದರಲ್ಲಿ ಏನು ಮಾಡಬೇಕು ಅನ್ನುವುದು ಇರುವುದಿಲ್ಲ. ಒಂದು ಹೇಳಿ ಹತ್ತು ಎಣಿಸಿ. ಉತ್ತರ ಬರಲು ಅಷ್ಟು ಹೊತ್ತು ಬೇಕು, ಐದಕ್ಕೇ ಮತ್ತೆ ಕೇಳಿದರೆ ಮೊದಲಿನಿಂದ ಶುರು.

ಮನೇಲಿ ಕನ್ನಡ ಬಿಟ್ಟು ಇಂಗ್ಲಿಷ್ ಒಂದೇ ಮಾತಾಡಿ ಅಂತ ಥೆರಪಿಸ್ಟ್ ಹೇಳಿದ್ರು. ಹಾಗೇ ಮಾಡ್ಬೇಕಾ?

ಇದು ನನಗೆ ಸಿಟ್ಟು ಬರಿಸುವ ಪ್ರಶ್ನೆ. ಎರಡು ಭಾಷೆ ಕೇಳಿದರೆ ಆಟಿಸಂ ಇರುವ ಮಗುವಿನ ಮಾತು ಹಿಂದೆ ಬೀಳುತ್ತದೆ ಅನ್ನುವುದಕ್ಕೆ ಇದುವರೆಗಿನ ಅಧ್ಯಯನಗಳಲ್ಲಿ ಆಧಾರ ಸಿಕ್ಕಿಲ್ಲ. ಅಜ್ಜಿಗೆ ಇಂಗ್ಲಿಷ್ ಬರುವುದಿಲ್ಲ, ಅಮ್ಮನಿಗೆ ಅರ್ಧಂಬರ್ಧ. ಹಾಗಾದರೆ ಆ ಮನೆಯಲ್ಲಿ ಏನಾಗುತ್ತದೆ? ಅಜ್ಜಿ ಮಾತಾಡುವುದೇ ನಿಲ್ಲಿಸುತ್ತಾರೆ, ಅಮ್ಮ "ಕಮ್", "ಸಿಟ್", "ಈಟ್" ಅಂತ ಮೂರು ಪದಕ್ಕೆ ಇಳಿಯುತ್ತಾರೆ. ಲಾಲಿ, ಬೈಗುಳ, ಮುದ್ದು ಎಲ್ಲ ಹೋಯಿತು. ನಿಮಗೆ ಯಾವ ಭಾಷೆಯಲ್ಲಿ ಸಲೀಸೋ ಅದರಲ್ಲೇ ಮಾತಾಡಿ. ತುಳುವೋ, ಉರ್ದುವೋ, ಕೊಡವ ತಕ್ಕೋ, ಅದೇ. ಅಮೆರಿಕ, ಸಿಂಗಪುರದಲ್ಲಿರುವ ಕನ್ನಡದ ಅಪ್ಪ ಅಮ್ಮಂದಿರಿಗೂ ಇದೇ ಉತ್ತರ, ಅಲ್ಲಿ ಶಾಲೆಯ ಇಂಗ್ಲಿಷ್ ಹೇಗೂ ಬರುತ್ತದೆ.

ಮಾತೇ ಬಂದಿಲ್ಲ. ಚಿತ್ರ ತೋರಿಸೋ ಆ್ಯಪ್ ಕೊಟ್ರೆ ಮಾತು ಬರೋದೇ ನಿಂತು ಹೋಗಲ್ವಾ?

ಹಾಗಾಗುವುದಿಲ್ಲ, ಕೆಲವರಿಗೆ ಅದರಿಂದಲೇ ಮಾತು ಬಂದಿದೆ. ಬರದಿದ್ದರೂ 'ಸಾಕು', 'ನೋವು', 'ಬೇಡ' ಅನ್ನಲು ಒಂದು ದಾರಿ ಸಿಕ್ಕಿತಲ್ಲ. ನಮ್ಮ ದೇಶದಲ್ಲೇ ಮಾಡಿದ್ದು ಬೇಕೆಂದರೆ ಚೆನ್ನೈನ ಆವಾಜ಼್ ಇದೆ, ಐಐಟಿ ಬಾಂಬೆಯ ಜೆಲ್ಲೋ ಇದೆ. ಮೊಬೈಲ್ ಬೇಡ ಅನ್ನುವವರು ಒಂದು ರಟ್ಟಿನ ಮೇಲೆ ಆರು ಚಿತ್ರ ಅಂಟಿಸಿ ಕುತ್ತಿಗೆಗೆ ತೂಗುಹಾಕಿ. ಮೊದಲ ಚಿತ್ರ 'ಬೇಡ' ಇರಲಿ. ಎಲ್ಲರೂ 'ಶೌಚಾಲಯ', 'ಊಟ', 'ನೀರು' ಹಾಕುತ್ತಾರೆ, ಬೇಡ ಅನ್ನುವ ಹಕ್ಕು ಕೊಡುವುದನ್ನೇ ಮರೆಯುತ್ತಾರೆ. ಅದು ಇಲ್ಲದ ಮಗು ತಟ್ಟೆ ಎಸೆದೇ ಹೇಳಬೇಕು.

ಬರವಣಿಗೆ ಆಗೋದೇ ಇಲ್ಲ. ಒತ್ತಕ್ಷರ ಬಂದ್ರೆ ಪೆನ್ಸಿಲ್ ಬಿಸಾಕ್ತಾನೆ.

ಬೆರಳಿಗೆ ಬಲ ಕಮ್ಮಿ ಇರಬಹುದು. ಗೊತ್ತಿದೆಯೋ ಇಲ್ಲವೋ ಅನ್ನುವುದೂ ಬರೆಯಲು ಬರುತ್ತದೋ ಇಲ್ಲವೋ ಅನ್ನುವುದೂ ಒಂದೇ ಅಲ್ಲ. ಅಕ್ಷರದ ಬಿಲ್ಲೆ ಜೋಡಿಸಲಿ, ಉತ್ತರ ತೋರಿಸಲಿ, ಬಾಯಲ್ಲಿ ಹೇಳಲಿ. ಹತ್ತು ಲೆಕ್ಕದ ಬದಲು ಮೂರು ಕೊಡಿ, ಒಂದು ಪುಟಕ್ಕೆ ಒಂದೇ. ರಾಗಿ ಹಿಟ್ಟು ನಾದುವುದು, ಅವರೆಕಾಳು ಹಿಚುಕುವುದು ಬೆರಳಿಗೆ ಒಳ್ಳೆಯ ಕೆಲಸ, ಚಳಿಗಾಲದಲ್ಲಿ ಮನೆಗೂ ಉಪಯೋಗ.

ಎಸ್ಸೆಸ್ಸೆಲ್ಸಿ ಬರೆಯೋಕಾಗುತ್ತಾ?

ಬರೆದವರಿದ್ದಾರೆ. ಕೇಂದ್ರ ಸರ್ಕಾರದ ಮಾರ್ಗಸೂಚಿಯ ಲೆಕ್ಕ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ, ಅಂದರೆ ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ. ಬರೆಯುವ ಸಹಾಯಕರನ್ನೂ ಕೇಳಬಹುದು. ರಾಜ್ಯದ ಮಂಡಳಿಯ ರಿಯಾಯಿತಿಗಳಿಗೆ ಮುಖ್ಯ ಶಿಕ್ಷಕರ ಮೂಲಕ ಅರ್ಜಿ ಹೋಗಬೇಕು, ಅಂಗವೈಕಲ್ಯದ ಪ್ರಮಾಣಪತ್ರ ಬೇಕು. ಇದನ್ನು ಹತ್ತನೇ ಕ್ಲಾಸಿನ ಜನವರಿಯಲ್ಲಿ ನೆನಪಿಸಿಕೊಂಡರೆ ಕೆಲಸ ಕೆಟ್ಟಿತು, ಒಂಬತ್ತರಲ್ಲೇ ಶುರು ಮಾಡಿ. ಒಂದೇ ಸಲಕ್ಕೆ ಆರು ಪತ್ರಿಕೆ ಭಾರ ಅನಿಸಿದರೆ ರಾಷ್ಟ್ರೀಯ ಮುಕ್ತ ಶಾಲೆ ಎನ್‌ಐಒಎಸ್ ಇದೆ. ಐದು ವಿಷಯ, ಐದು ವರ್ಷದೊಳಗೆ ಒಂದೊಂದಾಗಿ ಮುಗಿಸಬಹುದು, ಚಿತ್ರಕಲೆ, ಗೃಹವಿಜ್ಞಾನದಂಥ ವಿಷಯವೂ ಸಿಗುತ್ತದೆ. ಪರೀಕ್ಷಾ ಕೇಂದ್ರ ಬೇರೆ ಶಾಲೆ ಆಗಿದ್ದರೆ ಒಂದು ವಾರ ಮುಂಚೆ ಹೋಗಿ ಆ ರೂಮು, ಆ ಬೆಂಚು, ಆ ಶೌಚಾಲಯ ತೋರಿಸಿಕೊಂಡು ಬನ್ನಿ.

## ಶಾಲೆಯ ಆಚೆ

ಯುಡಿಐಡಿ ಕಾರ್ಡ್ ಮಾಡಿಸ್ಲಾ? ಮುಂದೆ ಮದುವೆಗೆ ತೊಂದ್ರೆ ಆಗುತ್ತೆ ಅಂತಾರೆ ಮನೇಲಿ.

ಮಾಡಿಸಿ. ಯುಡಿಐಡಿ ಅಂದರೆ ಸರ್ಕಾರ ಕೊಡುವ ಅಂಗವೈಕಲ್ಯದ ಗುರುತಿನ ಚೀಟಿ. ಕಾರ್ಡು ನಿಮ್ಮ ಬೀರುವಿನಲ್ಲಿರುತ್ತದೆ, ಹಣೆ ಮೇಲೆ ಅಲ್ಲ. ತಪಾಸಣೆಯಲ್ಲಿ ಇಸಾ ಅನ್ನುವ ನಮ್ಮ ದೇಶದ ಮಾಪನ ಬಳಸುತ್ತಾರೆ. 40 ಅಂಶ, ಒಂದೊಂದಕ್ಕೆ 1ರಿಂದ 5 ಅಂಕ, 70ಕ್ಕಿಂತ ಕಮ್ಮಿ ಬಂದರೆ ಆಟಿಸಂ ಇಲ್ಲ ಅಂತ ಲೆಕ್ಕ. ಡಾಕ್ಟರ ಮುಂದೆ ಮಗು ಅರ್ಧ ಗಂಟೆ ಗಪ್‌ಚಿಪ್ ಕೂತುಬಿಡಬಹುದು, ಅದಕ್ಕೇ ಮನೆಯ ಮತ್ತು ಕ್ಲಾಸಿನ ಎರಡು ಮೂರು ವಿಡಿಯೋ ತೆಗೆದುಕೊಂಡು ಹೋಗಿ. ಈ ಕಾಗದ ಇದ್ದರೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆಗೂ ಹಾಕಬಹುದು, ವರ್ಷಕ್ಕೆ 1 ಲಕ್ಷ ರೂಪಾಯಿ ತನಕ, ಥೆರಪಿ ಖರ್ಚಿಗೂ ಒಂದು ಭಾಗ ಬರುತ್ತದೆ. ಹಳ್ಳಿಯವರು ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು (ವಿಆರ್‌ಡಬ್ಲ್ಯು) ಹಿಡಿಯಿರಿ, ಅರ್ಜಿ ಹಾಕಲು ಸಹಾಯ ಮಾಡುವುದು ಅವರ ಕೆಲಸ.

ಆದರೆ ಕಾರ್ಡ್ ಬರಲಿ ಅಂತ ಕ್ಲಾಸಿನ ಕೆಲಸ ಕಾಯಿಸಬೇಡಿ. ದಾರಕ್ಕೆ ಚೀಟಿ ಸಿಕ್ಕಿಸಲು ಯಾರ ಸಹಿಯೂ ಬೇಡ.

ಜಾತ್ರೆ, ಮದುವೆ, ದೀಪಾವಳಿ ಬಂದ್ರೆ ನಾವು ಮನೇಲೇ ಉಳ್ಕೋತೀವಿ. ಬೇರೆ ದಾರಿ ಇದ್ಯಾ?

ಮದುವೆಗೆ ಮುಹೂರ್ತದ ಗಟ್ಟಿಮೇಳಕ್ಕೆ ಹೋಗಬೇಡಿ, ಹಿಂದಿನ ದಿನ ಸಂಜೆ ಮಂಟಪ ಖಾಲಿ ಇರುವಾಗ ಹೋಗಿ ಸುತ್ತಾಡಿಸಿ, ಮಾರನೇ ದಿನ ಊಟದ ಮೊದಲ ಪಂಕ್ತಿಗೆ ಹೋಗಿ ಬನ್ನಿ. ಹೊರಡುವ ಸಮಯ ಮೊದಲೇ ಹೇಳಿ, ಹೇಳಿದ ಸಮಯಕ್ಕೆ ಹೊರಡಿ, 'ಇನ್ನೊಂದೈದು ನಿಮಿಷ' ಅಂದರೆ ಮುಂದಿನ ಸಲ ನಿಮ್ಮ ಮಾತು ನಂಬುವುದಿಲ್ಲ. ಬಸ್ಸಿನಲ್ಲಿ ದಿನಾ ಅದೇ ಸೀಟು ಸಿಗುವುದಿಲ್ಲ, ಅದಕ್ಕೆ ಮನೆಯಲ್ಲೇ ಕುರ್ಚಿ ಸಾಲಾಗಿ ಇಟ್ಟು ಬಸ್ಸಾಟ ಆಡಿಸಿ, ಒಂದೊಂದು ದಿನ ಒಂದೊಂದು ಕುರ್ಚಿ. ಪಟಾಕಿಗೆ ನನ್ನ ಹತ್ತಿರ ಒಳ್ಳೆಯ ಉತ್ತರ ಇಲ್ಲ. ಕಿವಿಗೆ ಮುಚ್ಚುವ ಹೆಡ್‌ಫೋನ್, ಒಳಗಿನ ಕೋಣೆ, ಅಷ್ಟೇ.

ಮಗಳಿಗೆ 10 ವರ್ಷ. ದೊಡ್ಡವಳಾದ್ರೆ ಹೇಗೆ ನಿಭಾಯಿಸೋದು ಅಂತ ನಿದ್ದೆ ಬರಲ್ಲ.

ಈಗಲೇ ಶುರು ಮಾಡಿ. ಪ್ಯಾಡ್ ಹಾಕಿಕೊಂಡು ಅರ್ಧ ಗಂಟೆ ಇರುವುದನ್ನು ಇವತ್ತಿನಿಂದ ಅಭ್ಯಾಸ ಮಾಡಿಸಿ, ಅಂಟು, ಸದ್ದು, ಒರಟು ಎಲ್ಲ ಮೈಗೆ ಒಗ್ಗಬೇಕು. ಮೂರು ನಾಲ್ಕು ಬಗೆ ತಂದು ಅವಳೇ ಆರಿಸಲಿ. ಹೆಜ್ಜೆಗಳ ಚಿತ್ರ ಬಚ್ಚಲಿನ ಗೋಡೆಗೆ ಅಂಟಿಸಿ. ರಕ್ತ ನೋಡಿ ಗಾಬರಿ ಆಗದಿರಲಿ ಅಂತ ಕೆಂಪು ಕುಂಕುಮದ ನೀರಿನ ನಾಲ್ಕು ಹನಿ ಹಾಕಿ ತೋರಿಸಿದ ಒಬ್ಬ ಅಮ್ಮನ ಉಪಾಯ ನನಗೆ ತುಂಬ ಇಷ್ಟ. ಗಂಡು ಮಕ್ಕಳಿಗೂ ಇದೇ ವಯಸ್ಸಿನಲ್ಲಿ ಯಾವುದು ಬಾಗಿಲು ಹಾಕಿಕೊಂಡು ಮಾಡುವ ಕೆಲಸ ಅಂತ ಹೇಳಿಕೊಡಬೇಕು, ಬೈಯದೆ. ಇನ್ನೊಂದು ಇದೆ. 'ಹೇಳಿದ ಮಾತು ಕೇಳು' ಅಂತ ಮಾತ್ರ ಕಲಿತ ಮಗು ಯಾರು ಹೇಳಿದರೂ ಕೇಳುತ್ತದೆ. ನನ್ನ ಮೈ ಮುಟ್ಟಬೇಡ ಅಂತ ಕೈ ತಳ್ಳುವುದನ್ನು ಕಲಿಸಿ. ಟೀಚರ್ ಕೈಯನ್ನು ತಳ್ಳಿದರೂ ಪರವಾಗಿಲ್ಲ.

18 ಆದ್ಮೇಲೆ ಏನು?

ಕಾಲೇಜಿಗೆ ಹೋಗುವವರಿಗೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಅಂಗವಿಕಲರಿಗೆ ಕನಿಷ್ಠ ಶೇ 5 ಸೀಟು ಇದೆ. ಸರ್ಕಾರಿ ಕೆಲಸದ ಶೇ 4 ಮೀಸಲಾತಿಯಲ್ಲಿ ಒಂದು ಭಾಗ ಆಟಿಸಂ, ಬೌದ್ಧಿಕ ಅಂಗವೈಕಲ್ಯ, ಕಲಿಕಾ ನ್ಯೂನತೆ, ಮಾನಸಿಕ ಕಾಯಿಲೆ ಇವೆಲ್ಲಕ್ಕೂ ಸೇರಿಸಿ. ತನ್ನ ವ್ಯವಹಾರ ತಾನೇ ನೋಡಿಕೊಳ್ಳಲಾಗದವರಿಗೆ ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಪ್ರಕಾರ ಕಾನೂನಿನ ಪೋಷಕರನ್ನು ನೇಮಿಸುತ್ತಾರೆ, ಅದರ ಸಮಿತಿ ಜಿಲ್ಲಾಧಿಕಾರಿಯವರ ಹತ್ತಿರ ಇರುತ್ತದೆ. 18 ತುಂಬಿದ ತಕ್ಷಣ ಅಪ್ಪ ಅಮ್ಮನ ಸಹಿ ತಾನಾಗಿಯೇ ನಡೆಯುವುದಿಲ್ಲ ಅಂತ ಎಷ್ಟೋ ಜನಕ್ಕೆ ಬ್ಯಾಂಕಿಗೆ ಹೋದಾಗಲೇ ಗೊತ್ತಾಗುವುದು. ಎಲ್ಲರಿಗೂ ಇಂಥ ಕಾನೂನಿನ ಪೋಷಕರು ಬೇಕಿಲ್ಲ, ಅದನ್ನೂ ಹೇಳಬೇಕು. ಕೆಲಸದ ವಿಷಯಕ್ಕೆ ಬಂದರೆ, ಹತ್ತು ವರ್ಷ ಶಾಲೆಯಲ್ಲಿ ಗಣಿತಕ್ಕೆ ಕೊಟ್ಟ ಸಮಯದ ಕಾಲುಭಾಗವನ್ನು ಬಟ್ಟೆ ಒಗೆಯುವುದು, ಚಿಲ್ಲರೆ ಎಣಿಸುವುದು, ಒಬ್ಬನೇ ಅಂಗಡಿಗೆ ಹೋಗಿ ಬರುವುದು ಇದಕ್ಕೆ ಕೊಟ್ಟಿದ್ದರೆ ಅಂತ ಬಹಳ ಅಪ್ಪ ಅಮ್ಮಂದಿರು ನನಗೆ ಹೇಳಿದ್ದಾರೆ.

ಇಷ್ಟೆಲ್ಲ ಕಲಿತ ಟೀಚರಿಗೆ ವರ್ಗಾವಣೆ ಆಗ್ಬಿಟ್ರೆ?

ಆಗೇ ಆಗುತ್ತದೆ. ಹಾಗಾಗಿ ಪ್ರತಿ ಮಗುವಿಗೂ ಒಂದು ಹಾಳೆ ಬರೆದಿಡಿ, ಮಗುವಿನ ಮಾತಲ್ಲೇ, ಸಾಧ್ಯವಾದರೆ ಮಗುವನ್ನೇ ಕೂರಿಸಿಕೊಂಡು. ವರದಿ ಬೇಡ, ಅಂಕ ಬೇಡ. ಹೊಸ ಟೀಚರ್ ಮೊದಲ ದಿನ ಹಾಜರಿ ಪುಸ್ತಕ ತೆರೆದಾಗ ಒಳಗೆ ಸಿಗಬೇಕು. ರೈಲು ಹುಡುಗನ ಹಾಳೆ ಹೀಗಿದೆ, ಅವನು ಹೇಳಿದ್ದು, ಅವರ ಮಿಸ್ ಬರೆದದ್ದು:

"ನನ್ನ ಜಾಗ ಮೂರನೇ ಬೆಂಚು ಗೋಡೆ ಕಡೆ. ಹಿಂದಿನಿಂದ ಮುಟ್ಟಬೇಡಿ. ಪ್ರಶ್ನೆ ಒಂದೊಂದೇ ಕೇಳಿ. ನಿಮ್ಮ ಮುಖ ನೋಡದಿದ್ದರೂ ನನಗೆ ಕೇಳಿಸುತ್ತದೆ. ಸಾರು ಬೇಡ, ಮೊಸರು ಬೇಕು. ಸಿಟ್ಟು ಬಂದರೆ ನೀರಿನ ಟ್ಯಾಂಕ್ ಹತ್ತಿರ ಹೋಗಿ ಬರುತ್ತೇನೆ, ಹಿಂದೆ ಬರಬೇಡಿ. ರೈಲಿನ ಬಗ್ಗೆ ಊಟದ ಹೊತ್ತಲ್ಲಿ ಮಾತಾಡಬಹುದು, ಗಣಿತದ ಹೊತ್ತಲ್ಲಿ ಇಲ್ಲ, ಇದು ನಾನು ಮತ್ತು ಮಿಸ್ ಮಾಡಿಕೊಂಡ ಒಪ್ಪಂದ. ಬೆಲ್ ನಾನೇ ಹೊಡೆಯುವುದು. 3 ಗಂಟೆ 20ಕ್ಕೆ ಸರಿಯಾಗಿ ಹೊಡೆಯುತ್ತೇನೆ."